ಮೈಯ ಕಥೆಯನ್ನು ರಂಗಕ್ಕೆ ತರುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಆರು ಜನ: ಟ್ರಾನ್ಸ್ ಮಹಿಳೆಯರು, ಗೇ ಹುಡುಗರು, ಒಬ್ಬ ಟ್ರಾನ್ಸ್ ಪುರುಷ. ನಮ್ಮ ಮೈಯ ಬಗ್ಗೆ ನಾವೇ ಹೇಳಿಕೊಳ್ಳುವ ಒಂದು ಗಂಟೆಯ ಪ್ರಯೋಗ ಮಾಡಬೇಕೆಂದಿದ್ದೇವೆ. ಬರವಣಿಗೆ ಹೇಗೆ ಶುರು ಮಾಡುವುದು? (ಮಡಿಕೇರಿ)

ಉತ್ತರ: ಬರೆಯಬೇಡಿ, ಮೊದಲು ಮಾತಾಡಿ. ಒಬ್ಬರು ಹೇಳಲಿ, ಒಬ್ಬರು ಕೇಳಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕಾಗದಕ್ಕಿಳಿಸಿ. ಪೆನ್ನು ಹಿಡಿದು ಕೂತರೆ ಭಾಷಣದ ಕನ್ನಡವೇ ಬರುತ್ತದೆ. ಮೈಯ ಒಂದೇ ಭಾಗ ಹಿಡಿಯಿರಿ: ಗಂಟಲು, ಗಡ್ಡ, ಪಾದದ ಅಳತೆ, ಒಂದು ಹೊಲಿಗೆಯ ಗುರುತು. ಹುಟ್ಟಿನಿಂದ ಆಪರೇಷನ್‌ವರೆಗೆ ಸಾಲಾಗಿ ಹೇಳಿದರೆ ಜನ ಆಪರೇಷನ್ನಿಗೇ ಕಾಯುತ್ತಾರೆ, ನಡುವಿನದ್ದು ಯಾರ ಕಿವಿಗೂ ಬೀಳುವುದಿಲ್ಲ. ಹೆಂಗಸರ ಚಪ್ಪಲಿಯಲ್ಲಿ ಹತ್ತನೇ ನಂಬರ್ ಸಿಗದ ಕಥೆ ಅದಕ್ಕಿಂತ ಚೆನ್ನಾಗಿರಬಹುದು.

ತಲಾ 8 ನಿಮಿಷ ಸಾಕು. ಆರು ಜನಕ್ಕೆ 48 ಆಯಿತು. ಉಳಿದ 12 ನಿಮಿಷ ಮೈಕ್ ಕೈ ಬದಲಿಸಲು, ಸಭೆ ನಕ್ಕಾಗ ಕಾಯಲು ಹೋಗುತ್ತದೆ. 8 ನಿಮಿಷಕ್ಕೆ 700 ಪದ ದಾಟಿದರೆ ಓಡಿಸಬೇಕಾಗುತ್ತದೆ. ತಾಲೀಮಿನಲ್ಲಿ ಒಂದು ಸಾಲು ಬಂದಾಗಲೆಲ್ಲ ಗಂಟಲು ಕಟ್ಟುತ್ತಿದ್ದರೆ ಆ ಸಾಲನ್ನು ಈ ಸಲ ಬಿಡಿ. ಅದನ್ನು ಹೇಳಲೇಬೇಕು ಎಂದು ನಿರ್ದೇಶಕರು ಒತ್ತಾಯಿಸಿದರೆ ನಿರ್ದೇಶಕರನ್ನು ಬಿಡಿ.

ಪ್ರಶ್ನೆ: ಮನೆಯವರಿಗೆ ಗೊತ್ತಾಗಬಾರದು. ಊರಿನ ಹೆಸರು ಬದಲಿಸಿದರೆ ಸಾಕೆ? (ಹೆಸರು ಬೇಡ, ಗೋಣಿಕೊಪ್ಪಲು)

ಉತ್ತರ: ಸಾಲದು. ಕೊಡವರಾದರೆ ಒಕ್ಕದ ಹೆಸರು ಬಾಯಿಗೆ ಬಂದ ಕ್ಷಣವೇ ಇಡೀ ಮನೆತನ ಸಭೆಗೆ ಬಂದ ಹಾಗೆ. ಅದನ್ನು ಬಿಟ್ಟರೂ, "ಅಪ್ಪ ಸುಬೇದಾರ್ ಆಗಿದ್ದರು, ನಾಲ್ವರು ಅಕ್ಕಂದಿರು, ತೋಟದ ಪಕ್ಕ ಹೊಳೆ" ಎಂದರೆ ಹಿಂದಿನ ಸಾಲಿನಲ್ಲಿ ಕೂತವರು ಮನೆ ಹೆಸರು ಹೇಳಿಬಿಡುತ್ತಾರೆ. ಒಂದು ವಿವರದಿಂದ ಏನೂ ಆಗುವುದಿಲ್ಲ, ಮೂರು ಸೇರಿದರೆ ವಿಳಾಸ. ಪಠ್ಯದಲ್ಲಿರುವ ಪ್ರತಿ ಊರು, ಶಾಲೆ, ತೋಟ, ನೌಕರಿ, ನೆಂಟಸ್ತಿಕೆಗೆ ಕೆಂಪು ಗೆರೆ ಎಳೆಯಿರಿ. ಕಥೆ ನಿಲ್ಲಲು ಯಾವುದು ಬೇಕೋ ಅದೊಂದನ್ನು ಉಳಿಸಿ ಬೇರೆಲ್ಲ ಬದಲಿಸಿ. ಜೊತೆಗಾರರ ಕಾಯಿಲೆ, ಆಪರೇಷನ್ ಅವರ ಒಪ್ಪಿಗೆಯಿಲ್ಲದೆ ನಿಮ್ಮ ಬಾಯಲ್ಲಿ ಬರಕೂಡದು.

ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿದೆ. ಆದರೆ ಬಾಡಿಗೆ ಮನೆ ಕಳೆದುಕೊಳ್ಳಲು ಕೇಸೇ ಬೀಳಬೇಕೆಂದಿಲ್ಲವಲ್ಲ. ಅಂಜಿಕೆ ಇದ್ದರೆ ನಿಮ್ಮ ಕಥೆಯನ್ನು ಬೇರೆಯವರು ಹೇಳಲಿ. ತೆರೆಯ ಹಿಂದೆ ನಿಂತು ಹೇಳಿದರೆ ಉಪಯೋಗವಿಲ್ಲ, ಪರಿಚಯದವರು ಧ್ವನಿಯಲ್ಲೇ ಗುರುತು ಹಿಡಿಯುತ್ತಾರೆ.

ಪ್ರಶ್ನೆ: ನಾನು ಟ್ರಾನ್ಸ್ ಪುರುಷ. ಎದೆಗೆ ಬೈಂಡರ್ (ಎದೆ ಚಪ್ಪಟೆ ಕಾಣಲು ತೊಡುವ ಬಿಗಿ ಒಳಉಡುಪು) ಹಾಕಿದರೆ ಕೊನೆಯ ಸಾಲುಗಳಿಗೆ ಉಸಿರೇ ಸಾಲುವುದಿಲ್ಲ. (ವಿರಾಜಪೇಟೆ)

ಉತ್ತರ: ಬಹುಶಃ ಅಳತೆ ಚಿಕ್ಕದಾಗಿದೆ. ಎದೆಯ ತುಂಬಿದ ಭಾಗದ ಸುತ್ತಳತೆ ತೆಗೆದು ತಯಾರಕರ ಪಟ್ಟಿಯಂತೆಯೇ ಕೊಳ್ಳಿ. ಇನ್ನಷ್ಟು ಚಪ್ಪಟೆ ಕಾಣಲೆಂದು ಒಂದು ಸೈಜ್ ಇಳಿಸಬೇಡಿ. ದಿನಕ್ಕೆ 8 ಗಂಟೆಗಿಂತ ಹೆಚ್ಚು ಬೇಡ, ಮಲಗುವಾಗ ಬೇಡವೇ ಬೇಡ. ಪ್ರದರ್ಶನದ ದಿನ ಬಸ್ಸಿನಲ್ಲಿ ಬರುವಾಗಲೇ ಹಾಕಿಕೊಳ್ಳದೆ, ರಂಗಕ್ಕೆ ಹೋಗುವ ಅರ್ಧ ಗಂಟೆ ಮೊದಲು ಹಾಕಿ, ಮುಗಿದೊಡನೆ ತೆಗೆಯಿರಿ. ತೆಗೆದ ಮೇಲೆ ನಾಲ್ಕಾರು ಸಲ ದೀರ್ಘವಾಗಿ ಉಸಿರೆಳೆದು ಒಮ್ಮೆ ಕೆಮ್ಮಿ. ಕ್ರೇಪ್ ಬ್ಯಾಂಡೇಜ್, ಪ್ಯಾಕಿಂಗ್ ಟೇಪ್ ಮುಟ್ಟಬೇಡಿ: ಬ್ಯಾಂಡೇಜ್ ಉಸಿರಾಡಿದಷ್ಟೂ ಬಿಗಿಯುತ್ತದೆ, ಪಕ್ಕೆಲುಬಿಗೆ ಏಟಾಗುತ್ತದೆ, ಟೇಪ್ ಚರ್ಮ ಕೀಳುತ್ತದೆ.

ಕೊನೆಯ ಮೂರು ತಾಲೀಮು ಬೈಂಡರ್ ಹಾಕಿಕೊಂಡೇ ಮಾಡಿ, ಉಸಿರು ಮುಗಿಯುವ ಕಡೆ ವಾಕ್ಯವನ್ನು ಕತ್ತರಿಸಿ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಹಸಿ ಬೈಂಡರಿನಿಂದ ಮಡಿಕೆಯಲ್ಲಿ ಹುಳಕಡ್ಡಿ ಏಳುತ್ತದೆ. ಎರಡು ಇಟ್ಟುಕೊಳ್ಳಿ, ಒಳಗೆ ತೆಳು ಹತ್ತಿ ಬನಿಯನ್ ಹಾಕಿ. ಚುಚ್ಚುವ ನೋವು, ಕೈ ಜೋಮು, ತಲೆಸುತ್ತು ಬಂದರೆ ಅರ್ಧದಲ್ಲಾದರೂ ಸರಿ, ಒಳಗೆ ಹೋಗಿ ಬಿಚ್ಚಿ.

ಪ್ರಶ್ನೆ: ಕೊಡಗಿನ ಶೈಲಿಯಲ್ಲಿ ಸೀರೆ ಉಟ್ಟು ಹೇಳುತ್ತೇನೆ. ದೀಪದ ಬೆಳಕಿಗೆ ಗಡ್ಡದ ನೀಲಿ ಕಾಣುತ್ತದೆ, ಮೈಕ್ ಕರಕರ ಅನ್ನುತ್ತದೆ. (ಕುಶಾಲನಗರ)

ಉತ್ತರ: ಗಡ್ಡವನ್ನು ಹೊಸ ಬ್ಲೇಡಿನಿಂದ, ಬಿಸಿನೀರಿನಲ್ಲಿ ಮುಖ ತೊಳೆದ ಮೇಲೆ, ಮೇಕಪ್ಪಿಗೆ ಎರಡು ಗಂಟೆ ಮುಂಚೆ ತೆಗೆಯಿರಿ. ನೀಲಿಯ ಮೇಲೆ ನೇರ ಫೌಂಡೇಶನ್ ಬಿದ್ದರೆ ಮುಖ ಬೂದಿ ಬಣ್ಣವಾಗುತ್ತದೆ. ಮೊದಲು ನೀಲಿ ಮರೆಸುವ ಕಿತ್ತಳೆ ಕರೆಕ್ಟರನ್ನು (ಕಿತ್ತಳೆ ಲಿಪ್‌ಸ್ಟಿಕ್ಕೂ ಆದೀತು) ಬೆರಳಲ್ಲಿ ತಟ್ಟಿ, ಉಜ್ಜಬೇಡಿ. ಮೇಲೆ ಪೌಡರ್, ಆಮೇಲೆ ಫೌಂಡೇಶನ್, ಮತ್ತೆ ಪೌಡರ್.

ಸೆರಗು ಬಲಭುಜದ ಮೇಲೆ ಪಿನ್ ಆಗುವುದರಿಂದ ಕಾಲರ್ ಮೈಕ್ ಎಡಕ್ಕಿರಲಿ. ರೇಷ್ಮೆ ತಾಗುವುದೇ ಆ ಕರಕರ. ನೆರಿಗೆ ಹಿಂದಿದೆ, ಹಾಗಾಗಿ ಮೈಕಿನ ಡಬ್ಬಿ ಬೆನ್ನಿಗೆ ಬೇಡ, ಸೊಂಟದ ಪಕ್ಕ ಸಿಕ್ಕಿಸಿ. ಒರಗುವ ಕುರ್ಚಿಯಲ್ಲಿ ಕೂತರೆ ನೆರಿಗೆ ಮುದುಡುತ್ತದೆ, ಸ್ಟೂಲ್ ತರಿಸಿ.

ಪ್ರಶ್ನೆ: ಕುಂಡೆ ಹಬ್ಬದಲ್ಲಿ ಗಂಡಸರು ಹೆಂಗಸರ ಬಟ್ಟೆ ತೊಟ್ಟು ಬೈದು ಕುಣಿಯುವಾಗ ಎಲ್ಲರೂ ನಗುತ್ತಾರೆ. ನಮ್ಮನ್ನು ಕಂಡರೆ ಮಾತ್ರ ಯಾಕೆ ಮುನಿಸು? (ಪೊನ್ನಂಪೇಟೆ)

ಉತ್ತರ: ಅದು ಹರಕೆಯ ವೇಷ, ಸಂಜೆಗೆ ಬಿಚ್ಚುತ್ತಾರೆ. ನೀವು ಬಿಚ್ಚುವುದಿಲ್ಲ ಎನ್ನುವುದೇ ಮುನಿಸು. ಹೋಲಿಕೆಯನ್ನು ರಂಗದ ಮೇಲೆ ಎಳೆದು ತರಬೇಡಿ, ಹಬ್ಬ ಅದನ್ನು ಆಚರಿಸುವವರದ್ದು. ಜೋಗತಿ ನೃತ್ಯದ ಮಾತೂ ಇದೇ. ಪದ್ಮಶ್ರೀ ಮಂಜಮ್ಮ ಜೋಗತಿಯವರಂಥವರು ವರ್ಷಗಟ್ಟಲೆ ಸಾಧಿಸಿದ ಕಲೆ ಅದು. ಅಲಂಕಾರಕ್ಕೆಂದು ತಲೆ ಮೇಲೆ ಕೊಡ ಇಟ್ಟು ಎರಡು ನಿಮಿಷ ಕುಣಿಯುವುದು ಸರಿಯಲ್ಲ.

ಪ್ರಶ್ನೆ: ನಾವು ಸಂಘಟಕರು. ಏನೇನು ನೋಡಿಕೊಳ್ಳಬೇಕು? (ಸೋಮವಾರಪೇಟೆ)

ಉತ್ತರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಸೂರಿನ ಸಭಾಂಗಣ ಬೇಡ, ಮಳೆ ಸದ್ದಿಗೆ ಮೈಕೂ ಸೋಲುತ್ತದೆ. ಕಾಫಿ ಕೊಯ್ಲಿನಲ್ಲಿ ಜನ ಬರುವುದಿಲ್ಲ. 18 ತುಂಬದವರನ್ನು ಇಂಥ ಕಥೆಗೆ ರಂಗ ಹತ್ತಿಸಬೇಡಿ. ವಿಡಿಯೋ ಇಲ್ಲ ಎಂಬುದೇ ನಿಯಮವಾಗಿರಲಿ. ಬೇಕೆಂದವರದ್ದು ಮಾತ್ರ, ಎಲ್ಲಿ ಹಾಕುತ್ತೀರಿ, ಎಷ್ಟು ಕಾಲ ಇರುತ್ತದೆ, ತೆಗೆಸಲು ಯಾರಿಗೆ ಹೇಳಬೇಕು ಎಂದು ಬರೆದು ಸಹಿ ಪಡೆದ ಮೇಲೆ. ಪ್ರೇಕ್ಷಕರ ಮೊಬೈಲನ್ನು ಬಾಗಿಲಲ್ಲೇ ಲಕೋಟೆಗೆ ಹಾಕಿಸಿ. ಪ್ರಶ್ನೋತ್ತರ ಇಟ್ಟರೆ ಚೀಟಿಯಲ್ಲಿ ಬರೆಸಿ, ಒಬ್ಬರು ಓದಿ ಆರಿಸಲಿ: "ಆಪರೇಷನ್ ಆಗಿದೆಯಾ" ಎಂಬ ಚೀಟಿ ಬಂದೇ ಬರುತ್ತದೆ, ಅದು ಬುಟ್ಟಿಗೆ. ಕಥೆ ಹೇಳಿದವರಿಗೆ ಚಪ್ಪಾಳೆಯ ಮರುದಿನ ಮನಸ್ಸು ಕುಸಿಯುವುದುಂಟು. ಮೂರು ದಿನ ಯಾರು ಫೋನ್ ಮಾಡಬೇಕೆಂದು ಮೊದಲೇ ಹಂಚಿಕೊಳ್ಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಎಲ್ಲರಿಗೂ ಕೊಟ್ಟಿರಿ. ಕೊನೆಯ ಬಸ್ಸಿನ ವೇಳೆ ನೋಡಿಕೊಂಡು ಪ್ರದರ್ಶನದ ಹೊತ್ತು ಗೊತ್ತುಮಾಡಿ. ಬಸ್ಸು ತಪ್ಪುವಂತಿದ್ದರೆ ಜೀಪಿನ ದುಡ್ಡನ್ನು ಖರ್ಚಿನ ಪಟ್ಟಿಗೆ ಈಗಲೇ ಸೇರಿಸಿ.