ಎಸಿ ಗಾಳಿ 4ರಲ್ಲಿ ಮಾತ್ರ ಬರುತ್ತೆ, ಮೋಟಾರ್ ಹೋಗಿದ್ಯಾ?

ಪ್ರಶ್ನೆ: ನಮಸ್ಕಾರ ಸರ್, ನಂದು ಏಳು ವರ್ಷದ ಹಳೇ ಕಾರು, ನಾಬ್ ತಿರುಗಿಸೋ ಮಾಮೂಲಿ ಎಸಿ. ಹದಿನೈದು ದಿನದಿಂದ ಬ್ಲೋವರ್ 1, 2, 3ರಲ್ಲಿ ಉಸಿರೇ ಎತ್ತಲ್ಲ, 4ಕ್ಕೆ ಇಟ್ರೆ ಮಾತ್ರ ಗಾಳಿ ಜೋರಾಗಿ ಬರುತ್ತೆ. ಗ್ಯಾರೇಜಲ್ಲಿ ಮೋಟಾರೇ ಬದಲಾಯಿಸ್ಬೇಕು ಅಂತಿದಾರೆ. ಮಲ್ಟಿಮೀಟರ್ ಇದೆ, ನಾನೇ ಚೆಕ್ ಮಾಡ್ಬಹುದಾ?
– ಓದುಗರು, ರಾಯಚೂರು

ಉತ್ತರ: ಸ್ವಲ್ಪ ತಡೀರಿ, ಮೋಟಾರ್‌ಗೆ ಈಗ್ಲೇ ದುಡ್ಡು ಕೊಡ್ಬೇಡಿ. ಮೋಟಾರ್ ಸತ್ತಿದ್ರೆ 4ರಲ್ಲೂ ತಿರುಗ್ತಿರ್ಲಿಲ್ಲ, ಫ್ಯೂಸ್ ಹೋಗಿದ್ರೂ ಅಷ್ಟೇ. 4ರಲ್ಲಿ ಬ್ಯಾಟರಿ ಕರೆಂಟ್ ನೇರವಾಗಿ ಮೋಟಾರ್‌ಗೆ ಹೋಗುತ್ತೆ, ಉಳಿದ ಮೂರು ಸ್ಪೀಡಲ್ಲಿ ಬ್ಲೋವರ್ ರೆಸಿಸ್ಟರ್ ಅನ್ನೋ ಚಿಕ್ಕ ಪಾರ್ಟ್ ಮೂಲಕ ಹೋಗುತ್ತೆ, ಮೂರೂ ಒಟ್ಟಿಗೆ ನಿಂತಿದೆ ಅಂದ್ರೆ ಸಾಮಾನ್ಯವಾಗಿ ಅದ್ರೊಳಗಿನ ಥರ್ಮಲ್ ಫ್ಯೂಸ್ (ಜಾಸ್ತಿ ಬಿಸಿಯಾದ್ರೆ ಕಡಿದುಹೋಗೋ ಫ್ಯೂಸ್) ಹಾರಿರುತ್ತೆ. ಒಂದೇ ಸ್ಪೀಡ್ ಹೋಗಿದ್ರೆ ನಾಬ್ ಸ್ವಿಚ್ ಮೇಲೂ ಅನುಮಾನ ಪಡ್ತಿದ್ದೆ.

ಈ ರೆಸಿಸ್ಟರ್ ಹೆಚ್ಚಿನ ಕಾರಲ್ಲಿ ಗ್ಲೋವ್‌ಬಾಕ್ಸ್ ಹಿಂದೆ ಬ್ಲೋವರ್ ಪಕ್ಕದಲ್ಲೇ ಇರುತ್ತೆ, ಬಿಸಿ ಆಗೋ ವಸ್ತು ನೋಡಿ, ಅದಕ್ಕೇ ಗಾಳಿ ಹೋಗೋ ದಾರೀಲೇ ಕೂರಿಸಿರ್ತಾರೆ. ಇಗ್ನಿಷನ್ ಆಫ್ ಮಾಡಿ ಕನೆಕ್ಟರ್ ಎಳೀರಿ, ಹಳದಿ ಕನೆಕ್ಟರ್ ಕಂಡ್ರೆ ಮಾತ್ರ ಮುಟ್ಬೇಡಿ, ಅದು ಏರ್‌ಬ್ಯಾಗ್‌ದು. ಮೀಟರ್ ಓಮ್‌ಗೆ ಇಟ್ಟು ರೆಸಿಸ್ಟರ್ ಪಿನ್‌ಗಳ ನಡುವೆ ನೋಡಿ, ಚೆನ್ನಾಗಿದ್ರೆ ಕೆಲವೇ ಓಮ್ ಬರುತ್ತೆ, ಮೀಟರ್ ಏನೂ ತೋರಿಸ್ದೆ ಓಪನ್ (ಒಳಗೆ ಸಂಪರ್ಕ ಕಡಿದಿದೆ) ಅಂದ್ರೆ ಕಳ್ಳ ಸಿಕ್ದ. ಕನೆಕ್ಟರ್ ಪ್ಲಾಸ್ಟಿಕ್ ಕರಗಿ ಕಂದು ಬಣ್ಣ ಆಗಿದ್ರೆ ಅದನ್ನೂ ಬದಲಾಯಿಸಿ, ಇಲ್ದಿದ್ರೆ ಹೊಸಾ ರೆಸಿಸ್ಟರ್ ಕೂಡ ಅದೇ ಜಾಗದಲ್ಲಿ ಬಿಸಿಯಾಗುತ್ತೆ.

ಹೊಸದು ಹಾಕಿದ್ಮೇಲೆ ಮೀಟರನ್ನ ಡಿಸಿ (ಬ್ಯಾಟರಿ ಕರೆಂಟ್) ವೋಲ್ಟ್‌ಗೆ ಇಟ್ಟು ಮೋಟಾರಿನ ಎರಡು ವೈರಿಗೆ ಹಿಡಿದು ನಾಬ್ ಒಂದೊಂದೇ ತಿರುಗಿಸಿ, 1ರಲ್ಲಿ ಕಮ್ಮಿ, ಹಾಗೇ ಏರ್ತಾ ಹೋಗಿ 4ರಲ್ಲಿ ಬ್ಯಾಟರಿ ವೋಲ್ಟೇಜ್ ಹತ್ತಿರ ಬರ್ಬೇಕು. ಕನೆಕ್ಟರ್ ಹಾಕಿ ಮೋಟಾರ್ ಓಡ್ತಿರುವಾಗ್ಲೇ ಅಳೀರಿ, ಯಾಕಂದ್ರೆ ಬಿಚ್ಚಿಟ್ಟು ಅಳೆದ್ರೆ ತುಕ್ಕು ಹಿಡಿದ ವೈರ್ ಕೂಡ 12 ವೋಲ್ಟ್ ತೋರಿಸಿ ಯಾಮಾರಿಸುತ್ತೆ.

ಇಷ್ಟಕ್ಕೇ ಬಿಟ್ರೆ ಮತ್ತೆ ಸುಡಬಹುದು. ಕ್ಯಾಬಿನ್ ಫಿಲ್ಟರ್ ಧೂಳು ಕಟ್ಟಿದ್ರೆ ರೆಸಿಸ್ಟರ್‌ಗೆ ಗಾಳಿ ತಾಗಲ್ಲ, ಮೋಟಾರ್ ಬುಷ್ (ಶಾಫ್ಟ್ ತಿರುಗೋ ಬಳೆ) ಒಣಗಿ ಬಿಗಿಯಾಗಿದ್ರೆ ಅದು ಜಾಸ್ತಿ ಆಂಪಿಯರ್ ಎಳೆಯುತ್ತೆ. ಆ ಆಂಪಿಯರ್ ನೋಡೋಕೆ ಮಲ್ಟಿಮೀಟರ್‌ನ 10 ಆಂಪಿಯರ್ ತೂತಿಗೆ ವೈರ್ ಹಾಕ್ಬೇಡಿ, ಬ್ಲೋವರ್ ಅದಕ್ಕಿಂತ ಜಾಸ್ತಿ ಎಳೆದು ಮೀಟರ್ ಫ್ಯೂಸೇ ಹೋಗುತ್ತೆ, ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಡಿಸಿ ಅಳೆಯೋ ಕ್ಲ್ಯಾಂಪ್ ಮೀಟರ್ ಬೇಕು. ಮನೆ ವೈರಿಂಗ್‌ನವರ ಹತ್ರ ಇರೋದು ಎಷ್ಟೋ ಸಲ ಎಸಿ ಕರೆಂಟ್, ಅಂದ್ರೆ ಮನೆ ಕರೆಂಟ್ ಮಾತ್ರ ಅಳೆಯುತ್ತೆ (ಕಾರಿನ ಎಸಿಗೆ ಎಸಿ ಮೀಟರ್ ಆಗಲ್ಲ, ಏನ್ ಮಾಡೋದು!). ಡಿಸಿ ಕ್ಲ್ಯಾಂಪ್ ಮೀಟರ್ ಸಿಗ್ಲಿಲ್ಲ ಅಂದ್ರೆ ಬ್ಲೋವರ್ ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿ, ಸಲೀಸಾಗಿ ತಿರುಗದೆ ಕಿರುಗುಟ್ಟಿದ್ರೆ ಆಗ ಗ್ಯಾರೇಜಿನವ್ರು ಹೇಳಿದ್ದೂ ಅರ್ಧ ಸರೀನೇ.