ಗುರುತ್ವ ಅಲೆಯ ಮೂಲವನ್ನು ಕಾವಲೂರಿನಿಂದ ನೋಡಬಹುದೇ?

ಪ್ರಶ್ನೆ: ಗುರುತ್ವ ಅಲೆ ಪತ್ತೆಯಾದ ಕೂಡಲೇ ನಮ್ಮ ಪಕ್ಕದ ಜಿಲ್ಲೆಯ ಕಾವಲೂರಿನ ದೊಡ್ಡ ದೂರದರ್ಶಕವನ್ನು ಅತ್ತ ತಿರುಗಿಸಿ ಅದರ ಮೂಲವನ್ನು ನೋಡಬಹುದಲ್ಲವೇ? ನಮ್ಮ ಶಾಲೆಯ 8 ಅಂಗುಲದ ದೂರದರ್ಶಕಕ್ಕೆ ಅದು ಕಂಡೀತೇ?
— ಶಿಕ್ಷಕರೊಬ್ಬರು, ಹೊಸೂರು

ಉತ್ತರ: ಭಾರೀ ಕಾಯಗಳು ಒಂದನ್ನೊಂದು ಸುತ್ತಿ ಸೇರುವಾಗ ದೇಶಕಾಲದಲ್ಲೇ ಏಳುವ ಕಂಪನವೇ ಗುರುತ್ವ ಅಲೆ. ದೂರದರ್ಶಕವನ್ನು ಎತ್ತ ತಿರುಗಿಸಬೇಕೆಂಬುದೇ ಇಲ್ಲಿನ ತೊಡಕು. ಅಲೆಯು ಅದನ್ನು ಗ್ರಹಿಸುವ ಒಂದು ಶೋಧಕವನ್ನು ಮುಟ್ಟಿದ ಕ್ಷಣಕ್ಕೂ ಇನ್ನೊಂದನ್ನು ಮುಟ್ಟಿದ ಕ್ಷಣಕ್ಕೂ ಇರುವ ಅಂತರದಿಂದ ದಿಕ್ಕನ್ನು ಅಂದಾಜಿಸುವುದರಿಂದ, ಸಿಗುವುದು ಒಂದು ಬಿಂದುವಲ್ಲ, ಆಕಾಶದ ಒಂದು ದೊಡ್ಡ ಪಟ್ಟಿ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಅತಿ ದಟ್ಟ ತಿರುಳುಗಳು) ಒಂದಾದಾಗ ಎದ್ದ ಅಲೆ ಬಂದಾಗ, ಅಮೆರಿಕದ ಎರಡು ಲೈಗೋ ಶೋಧಕಗಳೂ ಇಟಲಿಯ ವರ್ಗೋ ಶೋಧಕವೂ ಸೇರಿ ಗುರುತಿಸಿದ ಪ್ರದೇಶ ಸುಮಾರು 30 ಚದರ ಡಿಗ್ರಿ. ಅದರಲ್ಲಿ 150 ಹುಣ್ಣಿಮೆ ಚಂದ್ರರು ಹಿಡಿಸುತ್ತಾರೆ. ಕಾವಲೂರಿನ 2.34 ಮೀಟರ್ ಕನ್ನಡಿಯ ದೂರದರ್ಶಕಕ್ಕೆ ಒಂದು ಸಲಕ್ಕೆ ಕಾಣುವ ಆಕಾಶ ಒಂದು ಚಂದ್ರನಿಗಿಂತಲೂ ಚಿಕ್ಕದು. ಆದುದರಿಂದ ಹುಡುಕುವ ಕೆಲಸಕ್ಕೆ, ನನ್ನ ಮಟ್ಟಿಗೆ, ಲಡಾಖಿನ ಹಾನ್ಲೆಯಲ್ಲಿರುವ 0.7 ಮೀಟರ್‌ನ ಸ್ವಯಂಚಾಲಿತ ಗ್ರೋತ್-ಇಂಡಿಯಾ ದೂರದರ್ಶಕವೇ ಹೆಚ್ಚು ಒದಗುವಂಥದ್ದು. ಅದರ ಒಂದೊಂದು ಚಿತ್ರದಲ್ಲಿ ಸುಮಾರು ಅರ್ಧ ಚದರ ಡಿಗ್ರಿ ಸೆರೆಯಾಗುತ್ತದೆ. ದೊಡ್ಡ ಕನ್ನಡಿಯ ಸರದಿ ಬರುವುದು ಮೂಲದ ಬೆಳಕಿನ ಚುಕ್ಕೆ ಸಿಕ್ಕ ಮೇಲೆ, ಅದರ ಬೆಳಕನ್ನು ಬಿಡಿಸಿ ರೋಹಿತವನ್ನು ನೋಡಲು.

ಆ ದಿನವಂತೂ ನಮಗೆ ಅವಕಾಶವೇ ಇರಲಿಲ್ಲ. ಅಲೆ ಬಂದದ್ದು ನಮ್ಮ ಸಂಜೆ 6 ಗಂಟೆ 11 ನಿಮಿಷಕ್ಕೆ. ಮೂರೂ ಶೋಧಕಗಳ ನಕ್ಷೆ ಖಗೋಳಜ್ಞರ ಕೈಸೇರುವಾಗ ರಾತ್ರಿ 11 ದಾಟಿತ್ತು, ಅಷ್ಟರೊಳಗೆ ಆ ಭಾಗ ಇಲ್ಲಿ ಮುಳುಗಿಯಾಗಿತ್ತು. ಚಿಲಿಯಲ್ಲಿ ಕತ್ತಲಾದ ಬಳಿಕ ಅಲ್ಲಿನ 1 ಮೀಟರ್‌ನ ಸ್ವೋಪ್ ದೂರದರ್ಶಕದವರು, ಅಲೆಯೇ ತಿಳಿಸಿದ ದೂರಕ್ಕೆ ಹೊಂದುವ ಗ್ಯಾಲಕ್ಸಿಗಳ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಚಿತ್ರಿಸುತ್ತ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹಿಂದಿನ ಚಿತ್ರದಲ್ಲಿರದ ಚುಕ್ಕೆಯನ್ನು ಕಂಡರು.

ಹೊಸ ಚುಕ್ಕೆ ಕಂಡಾಕ್ಷಣ ಅದೇ ಮೂಲವೆನ್ನಲಾಗದು. ಕ್ಷುದ್ರಗ್ರಹವಾದರೆ ಅರ್ಧ ಗಂಟೆ ಬಿಟ್ಟು ತೆಗೆದ ಚಿತ್ರದಲ್ಲಿ ಸರಿದಿರುತ್ತದೆ. ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ವಾರಗಟ್ಟಲೆ ಬೆಳಗುತ್ತದೆ. 2017ರ ಚುಕ್ಕೆಯಾದರೋ ಮೊದಲು ನೀಲಿಯಾಗಿದ್ದು, ಕೆಲವೇ ದಿನಗಳಲ್ಲಿ ಕೆಂಪಾಗಿ ಮಂಕಾಯಿತು. ಇದುವೇ ಕಿಲೋನೋವಾದ, ಅಂದರೆ ನ್ಯೂಟ್ರಾನ್ ನಕ್ಷತ್ರಗಳು ಸೇರಿದಾಗ ಹೊಮ್ಮುವ ಬೆಳಕಿನ, ಲಕ್ಷಣ. ಎಲ್ಲ ಹುಡುಕಾಟವೂ ಹೀಗೆ ಫಲಿಸುವುದಿಲ್ಲ: 2019ರ ಏಪ್ರಿಲ್ 25ರ ಅಲೆಯ ಪ್ರದೇಶ 8,000 ಚದರ ಡಿಗ್ರಿಯನ್ನು ಮೀರಿದ್ದರಿಂದ ಏನೂ ಸಿಗಲಿಲ್ಲ. ಕಪ್ಪುಕುಳಿಗಳೆರಡು ಸೇರುವಾಗಲಂತೂ ಸಾಮಾನ್ಯವಾಗಿ ಬೆಳಕನ್ನೇ ನಿರೀಕ್ಷಿಸುವಂತಿಲ್ಲ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ಶೋಧಕ ಕೆಲಸ ಮಾಡತೊಡಗಿದರೆ ಹುಡುಕಬೇಕಾದ ಜಾಗ ಕಿರಿದಾಗುತ್ತದೆ.

ಇನ್ನು ನಿಮ್ಮ 8 ಅಂಗುಲದ ದೂರದರ್ಶಕ. ಕಣ್ಣಿಟ್ಟು ನೋಡಿದರೆ ಅದಕ್ಕೆ ಸುಮಾರು 14ನೇ ಕಾಂತಿಮಾನದವರೆಗೆ (ಈ ಅಂಕಿ ಹೆಚ್ಚಿದಷ್ಟೂ ಚುಕ್ಕೆ ಮಂಕು) ಕಾಣುತ್ತದೆ; 2017ರದ್ದು ಪತ್ತೆಯಾದಾಗ ಹೆಚ್ಚುಕಡಿಮೆ 17ರಲ್ಲಿತ್ತು. ಪೇಟೆಯ ದೀಪಗಳಿಂದ ದೂರ ಹೋಗಿ, ಒಳ್ಳೆಯ ಕ್ಯಾಮೆರಾ ಜೋಡಿಸಿ, ಹಲವು ಚಿತ್ರಗಳನ್ನು ಕೂಡಿಸಿದರೆ ಅಷ್ಟನ್ನು ಹಿಡಿಯಲು ಸಾಧ್ಯ. ಹತ್ತಿರದ ಗ್ಯಾಲಕ್ಸಿಗಳ ಚಿತ್ರಗಳನ್ನು ಮಕ್ಕಳಿಂದ ಈಗಲೇ ತೆಗೆಸಿಡಿ. ಹೋಲಿಸಲು ಹಳೆಯ ಚಿತ್ರವಿಲ್ಲದಿದ್ದರೆ ಹೊಸ ಚುಕ್ಕೆ ಯಾವುದೆಂದು ಗೊತ್ತಾಗುವುದಿಲ್ಲ.