ಮೊದಲ ದಿನದಿಂದಲೇ ಆಂಟಿಬಯೋಟಿಕ್ ಬೇಕಾ? ಕೋಳಿಮರಿಗಳ ಹೊಟ್ಟೆಯ ಬಗ್ಗೆ ನನ್ನ ಉತ್ತರ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಹ್ಯಾಚರಿಯಿಂದ ತಂದ 60 ಗಿರಿರಾಜ ಮರಿಗಳಲ್ಲಿ ಐದು ದಿನಕ್ಕೆ 7 ಹೋಗಿವೆ. ವಾರಕ್ಕೊಮ್ಮೆ ನೀರಿಗೆ ಆಂಟಿಬಯೋಟಿಕ್ ಹಾಕಿದರೆ ರೋಗ ನಿರೋಧಕ ಶಕ್ತಿ ಬರುತ್ತೆ ಅಂತ ಅಂಗಡಿಯವರು ಹೇಳಿದ್ದಾರೆ. ಹಾಕಬೇಡಿ. ಅದರಿಂದ ಶಕ್ತಿ ಬರಲ್ಲ, ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾನೂ ಸತ್ತು ಬರಬೇಕಾದ ಶಕ್ತಿಗೇ ಅಡ್ಡಿ.

ನಾಟಿ ಹೇಟೆ ಕಾವು ಕೂತು ಮರಿ ಮಾಡಿದ್ದನ್ನು ನೋಡಿದ್ದೀರಲ್ಲ? ಮರಿ ಹೊರಬಂದ ದಿನದಿಂದಲೇ ತಾಯಿ ಕೆದಕಿದ ಜಾಗದಲ್ಲಿ ಕುಕ್ಕುತ್ತೆ, ಅದರ ಹಿಕ್ಕೆಯನ್ನೂ ಒಂಚೂರು ತಿನ್ನುತ್ತೆ. ತಾಯಿಯ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಮರಿಗೆ ಬರುವುದು ಹೀಗೆ. ಹ್ಯಾಚರಿ ಮರಿಗೆ ತಾಯಿಯೇ ಇಲ್ಲ. ಅದರ ಕರುಳು ಖಾಲಿ ಸೈಟ್ ಇದ್ದ ಹಾಗೆ, ಮೊದಲು ಬಂದವರು ಬೇಲಿ ಹಾಕಿಕೊಳ್ಳುತ್ತಾರೆ.

ಇದನ್ನು ತೋರಿಸಿಕೊಟ್ಟಿದ್ದು ಫಿನ್ಲೆಂಡಿನವರು. 1971ರಲ್ಲಿ ಅಲ್ಲಿನ ಬ್ರಾಯ್ಲರ್ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಅನ್ನೋ ಕಾಯಿಲೆ ತರುವ ಬ್ಯಾಕ್ಟೀರಿಯಾ ಜೋರಾಗಿ ಹರಡಿತು. ಎಸ್ಕೊ ನುರ್ಮಿ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನಲ್ಲಿದ್ದದ್ದನ್ನು ಎಳೆ ಮರಿಗಳಿಗೆ ಕುಡಿಸಿ ನೋಡಿದರು. ಆ ಮರಿಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾಗೆ ಅಷ್ಟು ಸುಲಭವಾಗಿ ಜಾಗ ಸಿಗಲಿಲ್ಲ. 1973ರಲ್ಲಿ ಅದನ್ನು ಪ್ರಕಟಿಸಿದರು. ಹಾಗಂತ ನೀವು ದೊಡ್ಡ ಕೋಳಿಯ ಹಿಕ್ಕೆ ತಂದು ಮರಿಗಳಿಗೆ ಹಾಕೋಕೆ ಹೋಗಬೇಡಿ, ಜೊತೆಗೆ ರಕ್ತಬೇಧಿಯಂಥ ಕಾಯಿಲೆಯೂ ಬರಬಹುದು.

ಒಳ್ಳೆ ಬ್ಯಾಕ್ಟೀರಿಯಾದ ಕೆಲಸ ಜಾಗ ಹಿಡಿಯುವುದಷ್ಟೇ ಅಲ್ಲ. ಕೋಳಿಯ ಕರುಳಿನ ಕೊನೆಯಲ್ಲಿ, ಹಿಕ್ಕೆ ಹೊರಬರುವ ಜಾಗದ ಹತ್ತಿರ, ಬರ್ಸಾ ಅನ್ನೋ ಪುಟ್ಟ ಚೀಲ ಇದೆ. ರೋಗದ ವಿರುದ್ಧ ಆಂಟಿಬಾಡಿ ಮಾಡುವ ಜೀವಕೋಶಗಳು ಪಳಗುವುದು ಅಲ್ಲೇ. ನಮ್ಮ ರಕ್ತದಲ್ಲಿ ಆಂಟಿಬಾಡಿ ಮಾಡುವ 'ಬಿ' ಕೋಶಕ್ಕೆ ಆ ಹೆಸರು ಬಂದದ್ದೂ ಕೋಳಿಯ ಈ ಬರ್ಸಾದಿಂದ! ಆ ಚೀಲ ಕರುಳಿಗೆ ತೆರೆದುಕೊಂಡಿರುವುದರಿಂದ ಒಳಗಿನ ಬ್ಯಾಕ್ಟೀರಿಯಾಗಳ ಪರಿಚಯ ಅದಕ್ಕೆ ಆಗುತ್ತಲೇ ಇರುತ್ತೆ. ಬ್ಯಾಕ್ಟೀರಿಯಾನೇ ಇಲ್ಲದೆ ಲ್ಯಾಬಿನಲ್ಲಿ ಬೆಳೆಸಿದ ಪ್ರಾಣಿಗಳಲ್ಲಿ ಕರುಳಿನ ಈ ಕಾವಲು ವ್ಯವಸ್ಥೆ ಸರಿಯಾಗಿ ಬೆಳೆಯೋದೇ ಇಲ್ಲ. ಗುಂಬೊರೊ ಅನ್ನೋ ವೈರಸ್ ಕಾಯಿಲೆ ಹೊಡೆಯುವುದೂ ಬರ್ಸಾಗೇ. ಹಾಗಾಗಿ 14ನೇ ದಿನದ ಗುಂಬೊರೊ ಲಸಿಕೆ ತಪ್ಪಿಸಬೇಡಿ. 5–7ನೇ ದಿನದ ಕೊಕ್ಕರೆ ರೋಗದ ಲಸೋಟಾ ಲಸಿಕೆ ಹಾಕಿಸಿದ್ದೀರಾ? ಆಹಾರ ಎಷ್ಟೇ ಒಳ್ಳೇದಿದ್ದರೂ ಲಸಿಕೆಯ ಕೆಲಸ ಅದು ಮಾಡಲ್ಲ.

ಮೇವಿನ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಮಳೆಗೆ ಸಿಕ್ಕ ಮೆಕ್ಕೆಜೋಳ ಅಗ್ಗಕ್ಕೆ ಸಿಕ್ತು ಅಂತ ಎರಡು ಚೀಲ ತಂದೆ. ಸ್ವಲ್ಪ ಬೂಸ್ಟು ಇತ್ತು, ಒಣಗಿಸಿ ಹಾಕಿದೆ. ಲಸಿಕೆ ಹಾಕಿದ್ದರೂ ಆ ಬ್ಯಾಚ್ ಅರ್ಧ ಹೋಯಿತು. ಬೂಸ್ಟಿನಲ್ಲಿರುವ ಅಫ್ಲಾಟಾಕ್ಸಿನ್ ವಿಷ ಲಿವರ್ ಜೊತೆ ಬರ್ಸಾವನ್ನೂ ಕುಗ್ಗಿಸುತ್ತೆ, ಲಸಿಕೆ ಸರಿಯಾಗಿ ಹಿಡಿಯಲ್ಲ ಅಂತ ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದರು. ಬಿಸಿಲಿಗೆ ಹಾಕಿದರೆ ಬೂಸ್ಟು ಉದುರಬಹುದು, ವಿಷ ಹೋಗಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಇಂಥದೇ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಹಿಂಡಿ ಕೊಳ್ಳುವಾಗ ಮೂಸಿ ನೋಡಿ.

ಈಗ ಮಾಡಬೇಕಾದ್ದು. ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ಗೂಡಿನ ಬಿಸಿ ಮೊದಲ ವಾರ 35 ಡಿಗ್ರಿ ಇರಲಿ. ಚಳಿಗೆ ಮುದುಡಿದ ಮರಿ ಮೇವೂ ಮುಟ್ಟಲ್ಲ. ಎಳೆ ಮರಿಗಳ ಸ್ಟಾರ್ಟರ್ ಮೇವು ತಟಕ್ಕನೆ ಬದಲಿಸಬೇಡಿ, ನಾಲ್ಕೈದು ದಿನ ಹಳೆಯದರ ಜೊತೆ ಬೆರೆಸಿ. ಮೂರು ವಾರದ ಮೇಲೆ ಸ್ವಲ್ಪ ನುಗ್ಗೆಸೊಪ್ಪು ಹೆಚ್ಚಿ ಹಾಕಿ, ಒಡೆದ ಜೋಳ ಕೊಡಿ. ಕಾಳು ಅರೆಯುವ ಹೊಟ್ಟೆ ಗಟ್ಟಿಯಾಗುತ್ತೆ. ಅರಗದ ನಾರು ಕರುಳಿನ ಕೊನೆಯ ಎರಡು ಚೀಲಗಳಲ್ಲಿ ಹುಳಿಯಾಗಿ ಬ್ಯುಟಿರೇಟ್ ಅನ್ನೋ ಆಮ್ಲ ಆಗುತ್ತೆ, ಕರುಳಿನ ಗೋಡೆಗೆ ಅದೇ ಊಟ.

ಮಜ್ಜಿಗೆ ಕೊಡಬಹುದು, ಆದರೆ ನೀರಿನ ಬದಲಿಗಲ್ಲ. ಹಾಲಿನ ಸಕ್ಕರೆ ಕೋಳಿಗೆ ಅರಗಲ್ಲ, ಜಾಸ್ತಿಯಾದರೆ ಬೇಧಿ. ತೆಳು ಮಜ್ಜಿಗೆಯನ್ನು ಮೇವಿಗೆ ಚಿಮುಕಿಸಿ, ಅರ್ಧ ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಿ. ಬೇಸಿಗೆಯಲ್ಲಿ ಹುಳಿ ಮೇವಿಗೆ ಬೂಸ್ಟು ಬೇಗ ಬರುತ್ತೆ. ಹುಳಿ ಮಜ್ಜಿಗೆಗೆ ತಗಡಿನ ತಟ್ಟೆ ಬೇಡ, ಪ್ಲಾಸ್ಟಿಕ್ ಸಾಕು.

ಇನ್ನೊಂದು, ಕಂದು ಬಣ್ಣದ, ಅಂಟಂಟಾದ, ಗಬ್ಬು ವಾಸನೆಯ ಹಿಕ್ಕೆ ದಿನಕ್ಕೆ ಕೆಲವು ಸಲ ಬರುವುದು ಮಾಮೂಲು. ಅದು ಬೇಧಿಯಲ್ಲ. ಅದನ್ನು ನೋಡಿ ಔಷಧಿ ಸುರಿಯುವವರು ಬಹಳ.

ಆದರೆ 60ಕ್ಕೆ 7 ಅಂದ್ರೆ ಸುಮ್ನೆ ಬಿಡೋ ಲೆಕ್ಕ ಅಲ್ಲ. ಹಿಂದುಗಡೆ ಬಿಳಿ ಸುಣ್ಣದಂಥ ಹಿಕ್ಕೆ ಅಂಟಿದೆಯಾ? ಹಾಗಿದ್ದರೆ ಮೊಟ್ಟೆಯಿಂದಲೇ ಬಂದ ಕಾಯಿಲೆ ಇರಬಹುದು, ಮೇವಿನಿಂದ ಸರಿಹೋಗಲ್ಲ. ಇವತ್ತು ಸತ್ತ ಮರಿಯನ್ನು ಕವರಿನಲ್ಲಿ ಹಾಕಿ, ಐಸ್ ಇಟ್ಟು ತಾಲೂಕು ಪಶು ಆಸ್ಪತ್ರೆಗೆ ಒಯ್ಯಿರಿ, ಕೊಯ್ದು ನೋಡುತ್ತಾರೆ. ಅವರು ಆಂಟಿಬಯೋಟಿಕ್ ಬರೆದರೆ ಹೇಳಿದಷ್ಟು ದಿನ ಪೂರ್ತಿ ಹಾಕಿ. ಅಂಗಡಿಯವರು ಕೊಟ್ಟ ಪ್ಯಾಕೆಟ್ಟಿನ ಫೋಟೋ ಇಲ್ಲಿ ಹಾಕಿ, ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಇದ್ದರೆ ವಾಪಸ್ ಕೊಡಿ. 2019ರಿಂದ ಕೋಳಿಗೆ ಅದರ ಮಾರಾಟಕ್ಕೇ ನಿಷೇಧ ಇದೆ.